ಎರರ್ ಬದಲಾಯಿತೇ? ಹಾಗಾದರೆ ಒಂದು ಹೆಜ್ಜೆ ಮುಂದೆ ಬಂದಿದ್ದೀರಿ

ಈ ಸಲದ ಪತ್ರಗಳಲ್ಲಿ ಜಾಸ್ತಿ ಒಂದೇ ಗೋಳು. ಜಾವಾ ಪ್ರೋಗ್ರಾಂ ಯಾವುದೋ ಸರ್ವರ್ ಜೊತೆ ಮಾತಾಡಬೇಕು, ಮಾತಾಡುತ್ತಿಲ್ಲ. ಹಾಗಾಗಿ ಅಂಕಣ ಪೂರ್ತಿ ಕನೆಕ್ಷನ್ ಎರರ್‌ಗಳಿಗೇ ಬಿಟ್ಟಿದ್ದೇನೆ. ಬ್ಯಾಕೆಂಡ್ ಸಪೋರ್ಟ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಲೇ ತಲೆ ನರೆತವಳು ನಾನು, ಈ ವಿಷಯ ಬಂದರೆ ಮಾತು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ಕೋರಿಕೆ. ನೀವು ಕಳಿಸುವ ಸ್ಕ್ರೀನ್‌ಶಾಟ್‌ನಲ್ಲಿ ಕೆಂಪು ಅಕ್ಷರದ ಮೊದಲ ಎರಡು ಸಾಲು ಮಾತ್ರ ಇರುತ್ತದೆ. ಜಾವಾ ಅಸಲು ವಿಷಯವನ್ನು ತಳದಲ್ಲಿ ಇಟ್ಟಿರುತ್ತದೆ. 'ಕಾಸ್ಡ್ ಬೈ' ಎಂದು ಶುರುವಾಗುವ ಸಾಲುಗಳಲ್ಲಿ ಎಲ್ಲಕ್ಕಿಂತ ಕೊನೆಯದು ಬೇಕು ನನಗೆ. ಫೋಟೋ ಬೇಡ, ಅಕ್ಷರವನ್ನೇ ಕಾಪಿ ಮಾಡಿ ಕಳಿಸಿ. ಪಾಸ್‌ವರ್ಡ್ ಅಳಿಸದೆ ಕಳಿಸಿದವರೂ ಇದ್ದಾರೆ. ದಯವಿಟ್ಟು ಇವತ್ತೇ ಬದಲಾಯಿಸಿಕೊಳ್ಳಿ.

ಪ್ರಶ್ನೆ: ಇದು ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್. ಮೈಎಸ್‌ಕ್ಯುಎಲ್ ಡೇಟಾಬೇಸ್ ಇರುವುದು ಗೆಳತಿಯ ಉಬುಂಟು ಲ್ಯಾಪ್‌ಟಾಪ್‌ನಲ್ಲಿ, ಜಾವಾ ಕೋಡ್ ನನ್ನದರಲ್ಲಿ. ಎರಡೂ ಹಾಸ್ಟೆಲ್ ವೈಫೈನಲ್ಲೇ ಇವೆ. ಮೊದಲು 'ಕನೆಕ್ಷನ್ ರೆಫ್ಯೂಸ್ಡ್' ಬಂತು. ಸೀನಿಯರ್ ಒಬ್ಬರು ಹೇಳಿದಂತೆ ಅವಳ ಲ್ಯಾಪ್‌ಟಾಪ್‌ನಲ್ಲಿ 'ಬೈಂಡ್-ಅಡ್ರೆಸ್' ಸಾಲು ತಿದ್ದಿದೆವು. ಈಗ 'ಹೋಸ್ಟ್ 192.168.1.7 ಈಸ್ ನಾಟ್ ಅಲೌಡ್ ಟು ಕನೆಕ್ಟ್' ಎಂದು ಬರುತ್ತಿದೆ. ಒಂದು ಸರಿ ಮಾಡಿದರೆ ಇನ್ನೊಂದು! ಎಲ್ಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಬೇಕಾ? (ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಬೇಡಮ್ಮ, ಏನೂ ತೆಗೆಯಬೇಡಿ. ಕೆಲಸ ಮುಕ್ಕಾಲು ಮುಗಿದಿದೆ.

ಈ ಎರಡು ಎರರ್‌ಗಳನ್ನು ನಿಮಗೆ ಕೊಟ್ಟವರು ಬೇರೆ ಬೇರೆ. ಮೊದಲನೆಯದನ್ನು ಕೊಟ್ಟದ್ದು ಗೆಳತಿಯ ಲ್ಯಾಪ್‌ಟಾಪ್‌ನ ಆಪರೇಟಿಂಗ್ ಸಿಸ್ಟಮ್. ನಿಮ್ಮ ಪ್ಯಾಕೆಟ್ ಅಲ್ಲಿಯವರೆಗೆ ಹೋಯಿತು. 3306ನೇ ಪೋರ್ಟ್‌ನಲ್ಲಿ (ಮೈಎಸ್‌ಕ್ಯುಎಲ್‌ನ ಬಾಗಿಲು) ಹೊರಗಿನವರಿಗಾಗಿ ಯಾರೂ ಕಾಯುತ್ತಿಲ್ಲ ಎಂದು ಅದು ಕೂಡಲೇ ವಾಪಸ್ ಹೇಳಿತು. ಉಬುಂಟುವಿನಲ್ಲಿ ಮೈಎಸ್‌ಕ್ಯುಎಲ್ ಹಾಕಿದಾಗ ಬೈಂಡ್-ಅಡ್ರೆಸ್ 127.0.0.1 ಎಂದಿರುತ್ತದೆ. ಅಂದರೆ ಅದೇ ಯಂತ್ರದೊಳಗಿನವರ ಮಾತು ಮಾತ್ರ ಕೇಳುತ್ತದೆ. ಸೀನಿಯರ್ ಸರಿಯಾಗಿಯೇ ಹೇಳಿದ್ದಾರೆ.

ಎರಡನೆಯ ಎರರ್ ಮೈಎಸ್‌ಕ್ಯುಎಲ್ಲೇ ಕೊಟ್ಟದ್ದು. ನೆಟ್‌ವರ್ಕ್ ದಾಟಿ, ಪೋರ್ಟ್ ದಾಟಿ, ಡೇಟಾಬೇಸ್‌ವರೆಗೆ ಹೋಗಿ ನಿಂತಿದ್ದೀರಿ. ಅದು ನಿಮ್ಮ ಐಪಿ (ನೆಟ್‌ವರ್ಕ್‌ನಲ್ಲಿ ನಿಮ್ಮ ಯಂತ್ರದ ವಿಳಾಸ) ನೋಡಿ ಬೇಡ ಎಂದಿದೆ, ಅಷ್ಟೆ. ಮೈಎಸ್‌ಕ್ಯುಎಲ್‌ನಲ್ಲಿ ಯೂಸರ್ ಎಂದರೆ ಬರೀ ಹೆಸರಲ್ಲ, ಎಲ್ಲಿಂದ ಬರುತ್ತಾರೆ ಎನ್ನುವುದೂ ಸೇರಿದೆ. 'ರೂಟ್ ಆಟ್ ಲೋಕಲ್‌ಹೋಸ್ಟ್', ಅಂದರೆ ಅದೇ ಯಂತ್ರದಿಂದ ಬರುವ ಮುಖ್ಯ ಯೂಸರ್ ಮಾತ್ರ ಇದ್ದರೆ ನಿಮಗೆ ಪ್ರವೇಶ ಇಲ್ಲ. ಪ್ರಾಜೆಕ್ಟ್‌ಗೆಂದೇ ಒಬ್ಬ ಯೂಸರ್ ಮಾಡಿ, ಹೋಸ್ಟ್ ಜಾಗದಲ್ಲಿ 192.168.1.% (192.168.1 ಎಂದು ಶುರುವಾಗುವ ಎಲ್ಲ ಐಪಿ) ಕೊಡಿ, ಆ ಒಂದು ಡೇಟಾಬೇಸ್‌ಗೆ ಮಾತ್ರ ಗ್ರಾಂಟ್ (ಅನುಮತಿ) ಮಾಡಿ. ರೂಟನ್ನೇ ಎಲ್ಲ ಕಡೆಗೂ ತೆರೆಯಿರಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಸ್ಟೆಲ್ ತುಂಬ ಎಂಜಿನಿಯರಿಂಗ್ ಮಕ್ಕಳು, ಹಾಗೆ ಮಾಡಬೇಡಿ.

ಎರರ್ ಬಂದಾಗ 'ಇದನ್ನು ಹೇಳುತ್ತಿರುವವರು ಯಾರು, ನಾನು ಎಲ್ಲಿಯವರೆಗೆ ಹೋದೆ' ಎಂದು ಕೇಳಿಕೊಳ್ಳಿ. 'ಅನ್‌ನೋನ್ ಹೋಸ್ಟ್' ಎಂದರೆ ಇನ್ನೂ ಹೊರಟೇ ಇಲ್ಲ, ಹೆಸರಿನಿಂದ ಐಪಿ ಸಿಕ್ಕಿಲ್ಲ. ಹೆಸರು ತಪ್ಪು ಟೈಪ್ ಆಗಿರಬಹುದು, ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನ ತೊಂದರೆ ಇರಬಹುದು. 'ರೆಫ್ಯೂಸ್ಡ್' ಎಂದರೆ ಆ ಐಪಿಯಿಂದ ಉತ್ತರ ಬಂದಿದೆ. 'ಟೈಮ್ಡ್ ಔಟ್' ಎಂದರೆ ಹೋದದ್ದಕ್ಕೆ ಉತ್ತರವೇ ಇಲ್ಲ. ಫೈರ್‌ವಾಲ್ ಸುಮ್ನೆ ಬಿಸಾಡಿರಬಹುದು, ಐಪಿ ತಪ್ಪಿರಬಹುದು. ಹಾಸ್ಟೆಲ್, ಹೋಟೆಲ್ ವೈಫೈಗಳಲ್ಲಿ ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರದರ ಜೊತೆ ಮಾತಾಡದಂತೆ ತಡೆದಿರುವುದೂ ಉಂಟು. ಮುಂದೆ ಬೇರೆ ಕಡೆ ಹಾಗಾದರೆ ಒಬ್ಬರ ಮೊಬೈಲ್ ಹಾಟ್‌ಸ್ಪಾಟ್‌ಗೆ ಇಬ್ಬರೂ ಸೇರಿ ನೋಡಿ.

ಗಡಿಯಾರವನ್ನೂ ನೋಡಿ. ಲಿನಕ್ಸ್‌ನಲ್ಲಿ ರೆಫ್ಯೂಸ್ಡ್ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಉತ್ತರವೇ ಬಾರದಿದ್ದರೆ ಮೊದಲ ಪ್ಯಾಕೆಟನ್ನು ಇನ್ನೂ ಹಲವು ಸಲ ಕಳಿಸಿ ನೋಡಿ, ಸುಮಾರು ಎರಡು ನಿಮಿಷ ಆದ ಮೇಲೆ ಕೈಬಿಡುತ್ತದೆ. ಆಗ ಜಾವಾದಲ್ಲಿ ಬರುವುದು 'ಕನೆಕ್ಷನ್ ಟೈಮ್ಡ್ ಔಟ್'. ನೀವೇ ಕೋಡ್‌ನಲ್ಲಿ ಐದು ಸೆಕೆಂಡ್ ಮಿತಿ ಹಾಕಿ ಅದು ಮುಗಿದಿದ್ದರೆ 'ಕನೆಕ್ಟ್ ಟೈಮ್ಡ್ ಔಟ್'. ಓದಲು ಒಂದೇ ಥರ ಕಂಡರೂ ಮೊದಲನೆಯದು ಆಪರೇಟಿಂಗ್ ಸಿಸ್ಟಮ್ ಸೋತದ್ದು, ಎರಡನೆಯದು ನಿಮ್ಮ ಮಿತಿ ತೀರಿದ್ದು.

ಇನ್ನೊಂದು ವಿಷಯ. ಕೋಡ್ ಮುಟ್ಟುವ ಮೊದಲು 'ಎನ್‌ಸಿ' ಕಮಾಂಡ್‌ಗೆ ಅವಳ ಐಪಿ ಮತ್ತು 3306 ಕೊಟ್ಟು ನೋಡಿ. ವಿಂಡೋಸ್ ಆದರೆ ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್' ಇದೆ. ಅಲ್ಲಿಯೂ ಕನೆಕ್ಟ್ ಆಗದಿದ್ದರೆ ಜಾವಾದ ತಪ್ಪಿಲ್ಲ. ಎಷ್ಟೋ ಜನ ಈ ಒಂದು ನಿಮಿಷ ಉಳಿಸಲು ಹೋಗಿ ಇಡೀ ದಿನ ಡ್ರೈವರ್ (ಜಾವಾವನ್ನು ಡೇಟಾಬೇಸ್‌ಗೆ ಜೋಡಿಸುವ ತುಂಡು) ವರ್ಷನ್ ಬದಲಾಯಿಸುತ್ತಾ ಕೂರುತ್ತಾರೆ.

ಪ್ರಶ್ನೆ: ನಾನು ಸಹಕಾರ ಸಂಘವೊಂದರ ಕಾರ್ಯದರ್ಶಿ, ಕಂಪ್ಯೂಟರ್ ಓದಿದವನಲ್ಲ. ನಮ್ಮ ಲೆಕ್ಕದ ಸಾಫ್ಟ್‌ವೇರ್ ಜಾವಾದ್ದಂತೆ. ಬೆಳಿಗ್ಗೆ ಹತ್ತಕ್ಕೆ ಮೊದಲ ರಸೀದಿ ಹಾಕುವಾಗ 'ಕಮ್ಯುನಿಕೇಷನ್ಸ್ ಲಿಂಕ್ ಫೇಲ್ಯೂರ್' ಎನ್ನುತ್ತದೆ. ಮುಚ್ಚಿ ತೆರೆದರೆ ಸರಿ. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಈ ತೊಂದರೆ ಇಲ್ಲ. ಮಾಡಿಕೊಟ್ಟ ಹುಡುಗ 'ಆಟೋ ರಿಕನೆಕ್ಟ್' ಎಂದು ಏನೋ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾನೆ. ಹಾಕಿಸಲಾ? ಸಂದೇಶ ಪೂರ್ತಿ ಬರೆದು ಕಳಿಸಿದ್ದೇನೆ. (ಓದುಗರು, ಶಿರಸಿ)

ಉತ್ತರ: ಸಂದೇಶವನ್ನು ಪೂರ್ತಿ, ಅದೂ ಕೈಬರಹದಲ್ಲಿ ಕಳಿಸಿದ್ದೀರಿ. ನಿಮ್ಮಂಥ ಓದುಗರು ಇನ್ನಷ್ಟು ಜನ ಬೇಕು.

ಅದರಲ್ಲಿ ಒಂದು ಸಂಖ್ಯೆ ಇದೆ. ಸರ್ವರ್‌ನಿಂದ ಕೊನೆಯ ಪ್ಯಾಕೆಟ್ ಬಂದು 59,412,000 ಮಿಲಿಸೆಕೆಂಡ್ ಆಯಿತು ಎಂದು. ಸಾಮಾನ್ಯವಾಗಿ ಯಾರೂ ಅದನ್ನು ಓದುವುದಿಲ್ಲ. ಸಾವಿರದಿಂದ ಭಾಗಿಸಿ, ಮತ್ತೆ 3600ರಿಂದ ಭಾಗಿಸಿ. ಹದಿನಾರೂವರೆ ಗಂಟೆ. ಬೆಳಿಗ್ಗೆ ಹತ್ತರಿಂದ ಹಿಂದಕ್ಕೆ ಎಣಿಸಿದರೆ ಹಿಂದಿನ ದಿನ ಸಂಜೆ ಐದೂವರೆ. ಅಂದರೆ ನೀವು ಐದೂವರೆಗೆ ಕೊನೆಯ ರಸೀದಿ ಹಾಕಿ, ಸಾಫ್ಟ್‌ವೇರ್ ಮುಚ್ಚದೆ, ಕಂಪ್ಯೂಟರ್ ಹಾಗೇ ಬಿಟ್ಟು ಬೀಗ ಹಾಕಿಕೊಂಡು ಹೋದಿರಿ. ಸರಿ ತಾನೇ?

ಮೈಎಸ್‌ಕ್ಯುಎಲ್‌ನಲ್ಲಿ 'ವೇಟ್ ಟೈಮ್‌ಔಟ್' ಎಂಬ ಸೆಟ್ಟಿಂಗ್ ಇದೆ. ಯಾರೂ ಬದಲಾಯಿಸದಿದ್ದರೆ 28,800 ಸೆಕೆಂಡ್, ಅಂದರೆ 8 ಗಂಟೆ. ಅಷ್ಟು ಹೊತ್ತು ಸುಮ್ಮನಿದ್ದ ಕನೆಕ್ಷನನ್ನು ಅದು ಮುಚ್ಚಿಬಿಡುತ್ತದೆ. ನಿಮ್ಮದು ರಾತ್ರಿ ಒಂದೂವರೆಗೆ ಮುಚ್ಚಿರುತ್ತದೆ. ಜಾವಾಕ್ಕೆ ಅದು ತಿಳಿಯುವುದು ಬೆಳಿಗ್ಗೆ ಏನಾದರೂ ಕಳಿಸಲು ಹೋದಾಗಲೇ. ಊಟಕ್ಕೆ ಎಂಟು ಗಂಟೆ ಯಾರೂ ತೆಗೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಮಧ್ಯಾಹ್ನ ಬರುವುದಿಲ್ಲ.

ಈಗ ಆಟೋ ರಿಕನೆಕ್ಟ್ ವಿಷಯ. ಆ ಹುಡುಗನನ್ನು ಬೈಯಬೇಡಿ, ಎರರ್ ಸಂದೇಶವೇ ಕೊನೆಯಲ್ಲಿ ಅದನ್ನು ಸೂಚಿಸುತ್ತದೆ. ತಮಾಷೆ ಎಂದರೆ ಅದೇ ಡ್ರೈವರ್‌ನ ಕೈಪಿಡಿ ಇದನ್ನು ಬಳಸದಿರುವುದು ಒಳ್ಳೆಯದು ಎನ್ನುತ್ತದೆ. ಕೈಪಿಡಿಯ ಮಾತೇ ಸರಿ. ನಿಮ್ಮ ಸದಸ್ಯರೊಬ್ಬರ ಉಳಿತಾಯ ಖಾತೆಯಿಂದ ತೆಗೆದು ಸಾಲದ ಕಂತಿಗೆ ಜಮಾ ಮಾಡುತ್ತೀರಿ ಎನ್ನಿ. ಎರಡು ನಮೂದು, ಒಂದೇ ವ್ಯವಹಾರ. ಮಧ್ಯದಲ್ಲಿ ಕನೆಕ್ಷನ್ ಹೋದರೆ ಮೈಎಸ್‌ಕ್ಯುಎಲ್ ಮೊದಲ ನಮೂದನ್ನು ರದ್ದು ಮಾಡುತ್ತದೆ. ಎರರ್ ಬಂದದ್ದನ್ನು ಪ್ರೋಗ್ರಾಂ ಸರಿಯಾಗಿ ಗಮನಿಸದೆ ಹೊಸ ಕನೆಕ್ಷನ್‌ನಲ್ಲಿ ಮುಂದುವರಿದರೆ ಎರಡನೆಯದು ಮಾತ್ರ ಉಳಿಯುತ್ತದೆ. ಉಳಿತಾಯ ಕಡಿಮೆಯಾಗಿಲ್ಲ, ಕಂತು ಮಾತ್ರ ಕಟ್ಟಿಯಾಗಿದೆ. ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ನೀವು.

ಎಂಟು ಗಂಟೆಯನ್ನು ಇಪ್ಪತ್ನಾಲ್ಕು ಮಾಡಿಸಬಹುದು. ಆದರೆ ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಅದೇ ಗೋಳು.

ಆ ಹುಡುಗನಿಗೆ ಇದನ್ನು ತೋರಿಸಿ: ಸಾಫ್ಟ್‌ವೇರ್ ಶುರುವಾದಾಗ ಒಂದು ಕನೆಕ್ಷನ್ ತೆರೆದು ದಿನವಿಡೀ ಇಟ್ಟುಕೊಳ್ಳುವುದು ಬಿಡಿ. ಪ್ರತಿ ಕೆಲಸಕ್ಕೆ ಪೂಲ್‌ನಿಂದ (ತೆರೆದಿಟ್ಟ ಕನೆಕ್ಷನ್‌ಗಳ ಸಂಗ್ರಹ) ತೆಗೆದುಕೊಂಡು, ಮುಗಿದ ಕೂಡಲೇ ವಾಪಸ್ ಕೊಡಿ. ಪೂಲ್‌ಗೆ ಹಿಕಾರಿಸಿಪಿ ಲೈಬ್ರರಿ ಸಾಕು. ಅದರ 'ಮ್ಯಾಕ್ಸ್ ಲೈಫ್‌ಟೈಮ್' (ಒಂದು ಕನೆಕ್ಷನ್‌ನ ಗರಿಷ್ಠ ಆಯುಸ್ಸು) ಮೊದಲಿನಿಂದಲೇ 30 ನಿಮಿಷ ಇರುತ್ತದೆ, ಎಂಟು ಗಂಟೆಯ ಹತ್ತಿರವೂ ಹೋಗುವುದಿಲ್ಲ. ಅದು ಆಗುವವರೆಗೆ ನಿಮ್ಮ ಕೈಯಲ್ಲಿರುವ ಔಷಧ ಸುಲಭ. ಸಂಜೆ ಸಾಫ್ಟ್‌ವೇರ್ ಮುಚ್ಚಿ ಹೋಗಿ.

(ಡೇಟಾಬೇಸ್ ಕ್ಲೌಡ್‌ನಲ್ಲಿ ಇಟ್ಟವರಿಗೆ: ಪ್ರೋಗ್ರಾಂಗೂ ಡೇಟಾಬೇಸ್‌ಗೂ ಮಧ್ಯದಲ್ಲಿರುವ ನೆಟ್‌ವರ್ಕ್ ಪೆಟ್ಟಿಗೆಗಳು ಎಂಟು ಗಂಟೆ ಕಾಯುವುದಿಲ್ಲ. ಅಮೆಜಾನ್ ಕ್ಲೌಡ್ ಎಡಬ್ಲ್ಯುಎಸ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡ್ ಸುಮ್ಮನಿದ್ದ ಕನೆಕ್ಷನನ್ನು ಮರೆತುಬಿಡುತ್ತದೆ. ಮೈಕ್ರೋಸಾಫ್ಟ್‌ನ ಅಶೂರ್ ಲೋಡ್ ಬ್ಯಾಲೆನ್ಸರ್‌ನ ಡಿಫಾಲ್ಟ್ 4 ನಿಮಿಷ. ಕಾಫಿ ಕುಡಿದು ಬಂದ ಮೇಲೆ ಮೊದಲ ಕ್ಲಿಕ್ ಮಾತ್ರ ಸಿಕ್ಕಿಕೊಂಡರೆ ಇದನ್ನೇ ಅನುಮಾನಿಸಿ, ಪೂಲ್‌ನ 'ಕೀಪ್‌ಅಲೈವ್ ಟೈಮ್' (ಸುಮ್ಮನಿರುವ ಕನೆಕ್ಷನನ್ನು ಆಗಾಗ ತಟ್ಟಿ ನೋಡುವ ಅವಧಿ) ಅದಕ್ಕಿಂತ ಕಡಿಮೆ ಇಡಿ.)

ಪ್ರಶ್ನೆ: 'ಹಿಕಾರಿಪೂಲ್-1, ಕನೆಕ್ಷನ್ ಈಸ್ ನಾಟ್ ಅವೈಲಬಲ್, ರಿಕ್ವೆಸ್ಟ್ ಟೈಮ್ಡ್ ಔಟ್ ಆಫ್ಟರ್ 30000ಎಂಎಸ್.' ತಿಂಗಳ ಮೊದಲ ವಾರದಲ್ಲಿ ಜಾಸ್ತಿ. ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್), ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದೇ ಪ್ರೋಗ್ರಾಂ ನಾಲ್ಕು ಇನ್‌ಸ್ಟೆನ್ಸ್ (ಪ್ರತಿ) ಓಡುತ್ತದೆ. ಪೂಲ್ ಸೈಜ್ 10 ಇದೆ, ಮ್ಯಾನೇಜರ್ 200 ಮಾಡಿ ಎನ್ನುತ್ತಾರೆ. ನೆಟ್‌ವರ್ಕ್ ಟೀಮ್ ತಮ್ಮ ಕಡೆ ಏನೂ ಇಲ್ಲ ಎನ್ನುತ್ತಾರೆ. (ಡೆವಲಪರ್, ಬೆಂಗಳೂರು)

ಉತ್ತರ: ನೆಟ್‌ವರ್ಕ್ ಟೀಮ್ ಹೇಳುವುದು ನಿಜ. ಇಲ್ಲಿ 'ಟೈಮ್ಡ್ ಔಟ್' ಎಂಬ ಪದ ನೋಡಿ ಎಲ್ಲರೂ ಕೇಬಲ್ ಹುಡುಕುತ್ತಾರೆ. ಈ ರಿಕ್ವೆಸ್ಟ್ ನಿಮ್ಮ ಯಂತ್ರದಿಂದ ಹೊರಗೆ ಕಾಲೇ ಇಟ್ಟಿಲ್ಲ. ನಿಮ್ಮದೇ ಪೂಲ್ ಮುಂದೆ ಸಾಲಿನಲ್ಲಿ 30 ಸೆಕೆಂಡ್ ನಿಂತು ವಾಪಸ್ ಬಂದಿದೆ.

ಮ್ಯಾನೇಜರ್ ಲೆಕ್ಕ ಮಾಡಿ ನೋಡೋಣ. 4 ಇನ್‌ಸ್ಟೆನ್ಸ್, ತಲಾ 200, ಒಟ್ಟು 800. ಪೋಸ್ಟ್‌ಗ್ರೆಸ್‌ನ 'ಮ್ಯಾಕ್ಸ್ ಕನೆಕ್ಷನ್ಸ್' ಡಿಫಾಲ್ಟ್ 100. ಅದನ್ನು ಮುಟ್ಟಿಲ್ಲದಿದ್ದರೆ 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ' ಎಂದು ಬರುತ್ತದೆ. ಕ್ಷಮೆ ಕೇಳಿ ಬಾಗಿಲು ಹಾಕುವ ಡೇಟಾಬೇಸ್ ಅದು. ಮಿತಿ ಏರಿಸಿದರೂ ಅಲ್ಲಿ ಪ್ರತಿ ಕನೆಕ್ಷನ್‌ಗೆ ಒಂದು ಪ್ರತ್ಯೇಕ ಪ್ರೊಸೆಸ್ ಬೇಕು, ಪುಕ್ಕಟೆ ಅಲ್ಲ.

ಪೂಲ್ ಅನ್ನುವುದು ಮದುವೆ ಮನೆಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇದ್ದ ಹಾಗೆ. ಹತ್ತು ಕೊಪ್ಪರಿಗೆ ಇವೆ. ಸಾಲುತ್ತಿಲ್ಲ ಎಂದರೆ ಎರಡೇ ಕಾರಣ: ತೆಗೆದುಕೊಂಡು ಹೋದವರು ವಾಪಸ್ ತಂದಿಲ್ಲ, ಇಲ್ಲಾ ತುಂಬ ಹೊತ್ತು ಇಟ್ಟುಕೊಂಡಿದ್ದಾರೆ. ಕೋಡ್‌ನಲ್ಲಿ ಕನೆಕ್ಷನ್ 'ಕ್ಲೋಸ್' ಮಾಡುವುದೆಂದರೆ ಇಲ್ಲಿ ಅಂಗಡಿಗೆ ವಾಪಸ್ ಕೊಡುವುದು. ಅದನ್ನು ಮುಚ್ಚಿದರೆ ಮತ್ತೆ ತೆರೆಯಲು ಖರ್ಚು ಎಂದು ಹೆದರಿ ಕ್ಲೋಸ್ ಮಾಡದೆ ಬಿಡುವವರನ್ನು ಕಂಡಿದ್ದೇನೆ.

ವಾಪಸ್ ಬಾರದ್ದನ್ನು ಹಿಡಿಯಲು 'ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್' ಇದೆ. ಸುಮ್ನೆ ಬಿಟ್ಟರೆ ಅದು ಆಫ್. 20,000 ಎಂದು ಇಡಿ. 20 ಸೆಕೆಂಡಾದರೂ ಬಾರದ ಕನೆಕ್ಷನ್ ಯಾವ ಸಾಲಿನಲ್ಲಿ ತೆಗೆದುಕೊಂಡದ್ದು ಎಂದು ಲಾಗ್‌ನಲ್ಲಿ ಸ್ಟ್ಯಾಕ್ (ಯಾವ ಕೋಡ್ ಯಾವುದನ್ನು ಕರೆಯಿತು ಎಂಬ ಸರಣಿ) ಸಮೇತ ಬರುತ್ತದೆ. ಆ ಸಾಲಿಗೆ 'ಟ್ರೈ ವಿತ್ ರಿಸೋರ್ಸಸ್' ಹಾಕಿ, ಕೆಲಸ ಮುಗಿದಾಗ ತಾನಾಗಿ ಕ್ಲೋಸ್ ಆಗುತ್ತದೆ. 2011ರಲ್ಲಿ ಜಾವಾ 7ರ ಜೊತೆ ಬಂದದ್ದು, ಇನ್ನೂ ಬಳಸದವರಿದ್ದಾರೆ.

ನಿಮ್ಮದು ತಿಂಗಳ ಮೊದಲ ವಾರ ಮಾತ್ರ ಎಂದರೆ ನನಗೆ ಎರಡನೆಯದರ ಮೇಲೇ ಅನುಮಾನ. 'ಟ್ರಾನ್ಸಾಕ್ಷನಲ್' (ಒಳಗಿನದೆಲ್ಲ ಒಂದೇ ವ್ಯವಹಾರ) ಎಂದು ಬರೆದ ಮೆಥಡ್‌ಗಳನ್ನು ತೆಗೆದು ನೋಡಿ. ಒಳಗೆ ಎಲ್ಲೋ ಪೇಮೆಂಟ್ ಗೇಟ್‌ವೇಗೋ ಎಸ್ಸೆಮ್ಮೆಸ್ ಸೇವೆಗೋ ಕಾಲ್ ಇರುತ್ತದೆ. ಹೊರಗಿನವರು ಉತ್ತರಿಸಲು 5 ಸೆಕೆಂಡ್ ತೆಗೆದುಕೊಂಡರೆ ಅಷ್ಟು ಹೊತ್ತೂ ಡೇಟಾಬೇಸ್ ಕನೆಕ್ಷನ್ ಕೈಯಲ್ಲಿ ಹಿಡಿದು ಕೂತಿದ್ದೀರಿ. ಹತ್ತು ಕನೆಕ್ಷನ್, ತಲಾ 5 ಸೆಕೆಂಡ್: ಒಂದು ಇನ್‌ಸ್ಟೆನ್ಸ್ ಸೆಕೆಂಡಿಗೆ ಎರಡು ರಿಕ್ವೆಸ್ಟ್ ಮಾತ್ರ ಮುಗಿಸಬಲ್ಲದು. ಸಂಬಳದ ವಾರ ಮೂರನೆಯದು ಬಂದರೆ ಸಾಲು ಬೆಳೆಯುತ್ತಾ ಹೋಗುತ್ತದೆ. ಆ ಕಾಲನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ತನ್ನಿ. 'ಓಪನ್ ಇನ್ ವ್ಯೂ' ಸೆಟ್ಟಿಂಗನ್ನೂ ನೋಡಿ, ಅದು ರಿಕ್ವೆಸ್ಟ್ ಪೂರ್ತಿ ಮುಗಿಯುವವರೆಗೆ ಕನೆಕ್ಷನ್ ಹಿಡಿದಿಡಬಹುದು. ಸ್ಪ್ರಿಂಗ್ ಬೂಟ್‌ನಲ್ಲಿ ಜೆಪಿಎ (ಜಾವಾದಿಂದ ಡೇಟಾಬೇಸ್ ಬಳಸುವ ಒಂದು ವಿಧಾನ) ಬಳಸಿದರೆ ಅದು ತಾನಾಗಿ ಆನ್ ಇರುತ್ತದೆ, ಪ್ರತಿ ಸಲ ಶುರುವಾಗುವಾಗ ಎಚ್ಚರಿಕೆಯನ್ನೂ ಕೊಡುತ್ತದೆ. ಆ ಎಚ್ಚರಿಕೆ ಓದಿದವರು ಕೈ ಎತ್ತಿ!

ತೊಂದರೆ ಆಗುತ್ತಿರುವಾಗಲೇ 'ಜೆಸ್ಟ್ಯಾಕ್' ಕಮಾಂಡ್‌ನಿಂದ ಥ್ರೆಡ್‌ಗಳ (ಪ್ರೋಗ್ರಾಂನೊಳಗೆ ಒಟ್ಟಿಗೆ ಓಡುವ ಕೆಲಸಗಳ) ಪಟ್ಟಿ ತೆಗೆದಿಡಿ. ಥ್ರೆಡ್‌ಗಳು ಯಾವ ಸಾಲಿನಲ್ಲಿ ನಿಂತಿವೆ ಎಂದು ಕಾಣಿಸಿದರೆ ಮ್ಯಾನೇಜರ್ ಜೊತೆ ವಾದವೇ ಬೇಕಿಲ್ಲ.

ಪ್ರಶ್ನೆ: ಒಂದು ವೆಬ್ ವಿಳಾಸ ಬ್ರೌಸರ್‌ನಲ್ಲಿ ಹಸನಾಗಿ ತೆರೆಯುತ್ತದೆ. ಜಾವಾದಿಂದ ಕರೆದರೆ 'ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್'. ಎಲ್ಲ ಸರ್ಟಿಫಿಕೇಟನ್ನೂ (ಸರ್ವರ್‌ನ ಗುರುತಿನ ಚೀಟಿ) ನಂಬುವ ಒಂದು ಕೋಡ್ ಸಿಕ್ಕಿದೆ, ಹಾಕಿದರೆ ಕೆಲಸ ಮಾಡುತ್ತದೆ. ಹಾಗೇ ಬಿಡಬಹುದಾ? (ಓದುಗ, ಕಲಬುರಗಿ)

ಉತ್ತರ: ಬಿಡಬಾರದು. ಆ ಕೋಡ್ ಹಾಕಿದ ಮೇಲೆ ನಡುವೆ ಯಾರು ಬಂದು ಕೂತು ನಾನೇ ಬ್ಯಾಂಕ್ ಎಂದರೂ ನಿಮ್ಮ ಪ್ರೋಗ್ರಾಂ ಹೌದು ಎನ್ನುತ್ತದೆ.

ಇಲ್ಲಿ ಕನೆಕ್ಷನ್ ಆಗಿದೆ, ಗುರುತು ಹಿಡಿಯುವ ಹಂತದಲ್ಲಿ ನಿಂತಿದೆ. ಯಾರನ್ನು ನಂಬಬಹುದು ಎಂದು ಜಾವಾ ತನ್ನದೇ 'ಸಿಎಸರ್ಟ್ಸ್' ಫೈಲ್ ನೋಡುತ್ತದೆ, ಬ್ರೌಸರ್‌ನ ಪಟ್ಟಿ ಅದಕ್ಕೆ ಗೊತ್ತಿಲ್ಲ. ತುಂಬ ಸಲ ತಪ್ಪು ಸರ್ವರ್ ಕಡೆಯೇ ಇರುತ್ತದೆ: ತಮ್ಮ ಸರ್ಟಿಫಿಕೇಟನ್ನು ರೂಟ್‌ಗೆ (ಜಾವಾ ನಂಬುವ ಮೂಲ ಸರ್ಟಿಫಿಕೇಟ್) ಜೋಡಿಸುವ ಮಧ್ಯದ ಸರ್ಟಿಫಿಕೇಟನ್ನು ಅವರು ಕಳಿಸುವುದಿಲ್ಲ. ಬ್ರೌಸರ್ ಹೇಗೋ ಹೊಂದಿಸಿಕೊಳ್ಳುತ್ತದೆ, ಜಾವಾ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. 'ಓಪನ್‌ಎಸ್‌ಎಸ್‌ಎಲ್ ಎಸ್-ಕ್ಲೈಂಟ್' ಕಮಾಂಡ್‌ನಲ್ಲಿ ಎಷ್ಟು ಸರ್ಟಿಫಿಕೇಟ್ ಬರುತ್ತವೆ ಎಂದು ನೋಡಿ. ಸರ್ವರ್‌ನದ್ದು ಒಂದೇ ಬಂದರೆ ಅವರಿಗೇ ಹೇಳಿ ಸರಿ ಮಾಡಿಸಿ.

ಇನ್ನೊಂದು ಕಾರಣ ಹಳೇ ಜಾವಾ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ ಸರ್ಟಿಫಿಕೇಟ್‌ಗಳು ಆಧರಿಸಿದ್ದ ಹಳೆಯ ರೂಟ್ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೊಸ ರೂಟ್ ಜಾವಾ 8ರಲ್ಲಿ ಇರುವುದು 141ನೇ ಅಪ್‌ಡೇಟ್‌ನಿಂದ. ಅದಕ್ಕಿಂತ ಹಳೆಯದಾದರೆ ಜಾವಾ ಬದಲಾಯಿಸುವುದೇ ದಾರಿ. ಆಫೀಸಿನ ಪ್ರಾಕ್ಸಿ (ನಡುವೆ ಕೂತ ಸರ್ವರ್) ತನ್ನ ಸರ್ಟಿಫಿಕೇಟ್ ಸೇರಿಸುವ ಕಡೆ ಮಾತ್ರ ಆ ಒಂದನ್ನು 'ಕೀಟೂಲ್'ನಿಂದ ಹಾಕಿಕೊಳ್ಳಿ. ಪಾಸ್‌ವರ್ಡ್ ಕೇಳಿದರೆ 'ಚೇಂಜ್‌ಇಟ್'. ಹೆಸರೇ ಬದಲಾಯಿಸಿ ಎನ್ನುತ್ತದೆ, ಬದಲಾಯಿಸುವವರು ಅಪರೂಪ.

ಪ್ರಶ್ನೆ: ನನ್ನ ಪ್ರೋಗ್ರಾಂ ಅನ್ನು ಡಾಕರ್ ಕಂಟೇನರ್‌ಗೆ (ಪ್ರತ್ಯೇಕ ಪುಟ್ಟ ಯಂತ್ರದಂಥದ್ದು) ಹಾಕಿದ ಮೇಲೆ ಪೋಸ್ಟ್‌ಗ್ರೆಸ್‌ಗೆ ಲೋಕಲ್‌ಹೋಸ್ಟ್ 5432 ರೆಫ್ಯೂಸ್ಡ್. ಹೊರಗೆ ಓಡಿಸಿದರೆ ಸರಿ. (ಓದುಗ, ಹುಬ್ಬಳ್ಳಿ)

ಉತ್ತರ: ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ, ಅದರಲ್ಲಿ ಪೋಸ್ಟ್‌ಗ್ರೆಸ್ ಇಲ್ಲ. ಕಂಪೋಸ್ (ಹಲವು ಕಂಟೇನರ್ ಒಟ್ಟಿಗೆ ಓಡಿಸುವ ಸಾಧನ) ಬಳಸುತ್ತಿದ್ದರೆ ಸರ್ವಿಸ್‌ನ ಹೆಸರನ್ನೇ ಹೋಸ್ಟ್ ಜಾಗದಲ್ಲಿ ಬರೆಯಿರಿ.

ಪ್ರಶ್ನೆ: ಹಣ ಪಾವತಿ ಎಪಿಐ (ಕೋಡ್‌ನಿಂದ ಕರೆಯುವ ಹೊರಗಿನ ಸೇವೆ) ಕರೆಯುವಾಗ ಆಗಾಗ 'ರೀಡ್ ಟೈಮ್ಡ್ ಔಟ್' ಬರುತ್ತಿತ್ತು. ಮೂರು ಸಲ ಪ್ರಯತ್ನಿಸುವಂತೆ ಲೂಪ್ ಹಾಕಿದೆ. ಈಗ ಕೆಲವು ಗ್ರಾಹಕರಿಂದ ಎರಡು ಸಲ ಹಣ ಕಡಿತವಾಗಿದೆ. ಟೈಮ್‌ಔಟ್ ಎಂದರೆ ಆಗಲಿಲ್ಲ ಅಂತಲ್ವಾ? (ಡೆವಲಪರ್, ಮಂಗಳೂರು)

ಉತ್ತರ: ಅಲ್ಲ. 'ರೀಡ್' ಎಂಬ ಪದವನ್ನು ನೋಡಿ. ಕನೆಕ್ಟ್ ಆಯಿತು, ನಿಮ್ಮ ಮನವಿ ಹೊರಟಿತು, ಉತ್ತರ ಓದಲು ಕಾದಿರಿ, ಬರಲಿಲ್ಲ. ಅವರು ಹಣ ಕಡಿತ ಮಾಡಿ ಉತ್ತರ ಕಳಿಸುವಷ್ಟರಲ್ಲಿ ನಿಮ್ಮ ತಾಳ್ಮೆ ಮುಗಿದಿರಬಹುದು. ಮಾತಿನ ಮಧ್ಯೆ ಬರುವ 'ಕನೆಕ್ಷನ್ ರೀಸೆಟ್' ಕೂಡ ಇದೇ ಜಾತಿ.

ಮತ್ತೆ ಪ್ರಯತ್ನಿಸಬಹುದಾ ಎನ್ನುವುದು ಎಲ್ಲಿಯವರೆಗೆ ಹೋದಿರಿ ಎನ್ನುವುದರ ಮೇಲಿದೆ. ನಿಮ್ಮ ಕಡೆಯಿಂದಲೇ ಅನ್‌ನೋನ್ ಹೋಸ್ಟ್, ರೆಫ್ಯೂಸ್ಡ್, ಕನೆಕ್ಟ್ ಟೈಮ್ಡ್ ಔಟ್ ಬಂದರೆ ಮನವಿ ಹೊರಟೇ ಇಲ್ಲ, ಧೈರ್ಯವಾಗಿ ಮತ್ತೆ ಕಳಿಸಿ. ರೀಡ್ ಟೈಮ್ಡ್ ಔಟ್, ರೀಸೆಟ್ ಬಂದರೆ ಮೊದಲು ಸ್ಥಿತಿ ವಿಚಾರಿಸಿ. ಗೇಟ್‌ವೇಗಳಲ್ಲಿ ಅದಕ್ಕೆ ಪ್ರತ್ಯೇಕ ಕಾಲ್ ಇರುತ್ತದೆ. 'ಐಡೆಂಪೊಟೆನ್ಸಿ ಕೀ' (ಅದೇ ಮನವಿ ಮತ್ತೆ ಬಂದರೂ ಒಂದೇ ಸಲ ನಡೆಸಲು ಕೊಡುವ ಗುರುತು) ಸೌಲಭ್ಯ ಇದ್ದರೆ ಒಂದು ಪಾವತಿಗೆ ಒಂದೇ ಕೀ ಕೊಡಿ. ಲೂಪ್ ಒಳಗೆ ಪ್ರತಿ ಸಲ ಹೊಸ ಕೀ ಹುಟ್ಟಿಸಿದರೆ ಪ್ರಯೋಜನ ಇಲ್ಲ, ಅದನ್ನು ಲೂಪ್‌ಗಿಂತ ಮೊದಲೇ ಮಾಡಿಟ್ಟುಕೊಳ್ಳಬೇಕು.

ಇದಕ್ಕೆ ಹೆದರಿ ಟೈಮ್‌ಔಟನ್ನೇ ತೆಗೆಯಬೇಡಿ. ಜಾವಾದ ಹಳೆಯ 'ಎಚ್‌ಟಿಟಿಪಿ ಯುಆರ್‌ಎಲ್ ಕನೆಕ್ಷನ್'ನಲ್ಲಿ ನೀವು ಏನೂ ಹೇಳದಿದ್ದರೆ ಟೈಮ್‌ಔಟ್ ಸೊನ್ನೆ. ಸೊನ್ನೆ ಎಂದರೆ ಕೊನೆಯಿಲ್ಲದೆ ಕಾಯುವುದು. ಒಂದೊಂದೇ ಥ್ರೆಡ್ ಹೋಗಿ ಅಲ್ಲಿ ಕೂರುತ್ತದೆ, ಎರರ್ ಒಂದೂ ಇಲ್ಲದೆ ಸರ್ವರ್ ನಿಂತುಹೋಗುತ್ತದೆ. ಎರಡು ಸಲ ಕಡಿತವಾದ ಗ್ರಾಹಕರ ಹಣ ಮೊದಲು ವಾಪಸ್ ಮಾಡಿಸಿ, ಕೋಡ್ ಆಮೇಲೆ.

ಪ್ರಶ್ನೆ: 'ಅಡ್ರೆಸ್ ಆಲ್ರೆಡಿ ಇನ್ ಯೂಸ್', 8080. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಹೋಗುತ್ತದೆ. ದಿನಾ ರೀಸ್ಟಾರ್ಟ್ ಮಾಡಬೇಕಾ? (ವಿದ್ಯಾರ್ಥಿ, ತುಮಕೂರು)

ಉತ್ತರ: ಬೇಕಿಲ್ಲ. ನೀವು ಹಿಂದೆ ಓಡಿಸಿದ ಪ್ರೋಗ್ರಾಂ ಇನ್ನೂ ಓಡುತ್ತಿದೆ, ಅಷ್ಟೆ. ಎಡಿಟರ್ ಮುಚ್ಚಿದರೆ ಅದು ನಿಲ್ಲುತ್ತದೆ ಎಂದುಕೊಂಡಿರಬೇಕು. ವಿಂಡೋಸ್‌ನಲ್ಲಿ 'ನೆಟ್‌ಸ್ಟ್ಯಾಟ್', ಲಿನಕ್ಸ್‌ನಲ್ಲಿ 'ಎಲ್‌ಎಸ್‌ಒಎಫ್' ಕೊಟ್ಟು 8080 ಹಿಡಿದಿರುವ ಪ್ರೊಸೆಸ್ ಯಾವುದು ಎಂದು ನೋಡಿ, ಅದೊಂದನ್ನು ನಿಲ್ಲಿಸಿ. ಅದು ನಿಮ್ಮ ಪ್ರೋಗ್ರಾಂ ಅಲ್ಲದೆ ಬೇರೆ ಯಾವುದೋ ಆಗಿದ್ದರೆ ನಿಮ್ಮದನ್ನು 8081ಕ್ಕೆ ಹಾಕಿಕೊಳ್ಳಿ.